ಅನ್ನನಾಳದ ಕ್ಯಾನ್ಸರ್: ಕಿರಣ ಬಿಡುವ ಮೊದಲು ಎಷ್ಟು ಚಿತ್ರ ಬೇಕು?

(ವಿಜಯಪುರದಲ್ಲಿ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ವಿಷಯ ಬಂದ ಕಡೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಿರಣ ಚಿಕಿತ್ಸೆಯ ವೈದ್ಯರಾದ ನಮಗೆ ಜನ ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಯಾವುದು ಗೊತ್ತೇ? ರೋಗ ಗುಣವಾಗುತ್ತದೋ ಇಲ್ಲವೋ ಎಂದು ಕೇಳಲು ಮನೆಯವರು ಅಂಜುತ್ತಾರೆ. ಅಂಜದೆ ಕೇಳುವುದು ಇದನ್ನು: "ಸಾಹೇಬ್ರ, ಒಮ್ಮೆ ಸ್ಕ್ಯಾನ್ ಮಾಡಿಸೇವಲ್ರೀ, ಮತ್ತ್ಯಾಕ್ರೀ?"

ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಿಂದಗಿಯಿಂದಲೋ ಮುದ್ದೇಬಿಹಾಳದಿಂದಲೋ ಬಂದವರು ಅಷ್ಟು ಹೊತ್ತಿಗೆ ಸೊಲ್ಲಾಪುರ, ಮಿರಜ, ಹುಬ್ಬಳ್ಳಿ ಅಂತ ಎಲ್ಲಾದರೂ ಒಂದು ಸುತ್ತು ಹಾಕಿ, ಚೀಲದ ತುಂಬ ಫಿಲ್ಮು ತುಂಬಿಕೊಂಡು ಬಂದಿರುತ್ತಾರೆ. ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಆಗಿದೆ, ಸಿಟಿ ಸ್ಕ್ಯಾನ್ ಆಗಿದೆ. ಈಗ ನಾವು ಮತ್ತೊಂದು ಸಿಟಿ ಎನ್ನುತ್ತೇವೆ, ಆಗಬಹುದಾದರೆ ಪೆಟ್ ಸ್ಕ್ಯಾನ್ ಎನ್ನುತ್ತೇವೆ, ಆಮೇಲೆ ಚಿಕಿತ್ಸೆ ಶುರುವಾದ ಮೇಲೂ ದಿನಾ ಚಿತ್ರ ತೆಗೆಯುತ್ತೇವೆ. ಬಿಲ್ಲು ಏರಿಸುವ ಉಪಾಯ ಅಂತ ಅನುಮಾನ ಬರುವುದು ಸಹಜ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಗೆ ಉತ್ತರ. ಪ್ರತಿ ಚಿತ್ರವೂ ಒಂದನ್ನು ಕಾಣುತ್ತದೆ, ಇನ್ನೊಂದಕ್ಕೆ ಕುರುಡು. ಅನ್ನನಾಳದಂಥ ಜಾಗದಲ್ಲಿ ಆ ಕುರುಡುತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಿರಣ ಬಿಟ್ಟರೆ ರೋಗ ಉಳಿಯುತ್ತದೆ, ಇಲ್ಲವೇ ಹೃದಯ ಸುಡುತ್ತದೆ.

ಅನ್ನನಾಳ ಎಂದರೆ ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುವ, ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದು ಇರುವ ಜಾಗವೇ ನಮಗೆ ತಲೆನೋವು. ಮುಂದೆ ಶ್ವಾಸನಾಳ, ಅದರ ಕೆಳಗೆ ಹೃದಯ. ಹಿಂದೆ ಬೆನ್ನುಮೂಳೆ, ಅದರೊಳಗೆ ಬೆನ್ನುಹುರಿ. ಎಡಕ್ಕೆ ಮಹಾಅಪಧಮನಿ. ಎರಡೂ ಪಕ್ಕಕ್ಕೆ ಶ್ವಾಸಕೋಶ. ಮೈಯಲ್ಲಿ ಯಾವ ಯಾವ ಅಂಗಕ್ಕೆ ಕಿರಣ ತಾಗಬಾರದು ಎಂದು ಪಟ್ಟಿ ಮಾಡಿದರೆ, ಅದರಲ್ಲಿ ಅರ್ಧದಷ್ಟು ಈ ನಾಳದ ಅಕ್ಕಪಕ್ಕದಲ್ಲೇ ಸಿಗುತ್ತವೆ. ಇನ್ನೊಂದು ತೊಂದರೆ, ಕರುಳಿಗೆ ಇರುವಂಥ ಹೊರಪೊರೆ ಅನ್ನನಾಳಕ್ಕೆ ಬಹುಪಾಲು ಇಲ್ಲ. ಹಾಗಾಗಿ ಗೆಡ್ಡೆ ಗೋಡೆ ದಾಟಿದರೆ ನೇರವಾಗಿ ನೆರೆಯ ಅಂಗದ ಬಾಗಿಲಿಗೇ ಬರುತ್ತದೆ.

ರೋಗದ ಲಕ್ಷಣ ನಮ್ಮ ಕಡೆಯವರಿಗೆ ಊಟದ ತಾಟಿನಲ್ಲೇ ಗೊತ್ತಾಗುತ್ತದೆ. ಮೊದಲು ಕಟಕ ರೊಟ್ಟಿ ಇಳಿಯುವುದಿಲ್ಲ. ಆಮೇಲೆ ಬಿಸಿ ರೊಟ್ಟಿಯೂ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಲಿನಲ್ಲಿ ಮುರಿದು ಕಲಸಿಕೊಂಡು ತಿನ್ನುತ್ತಾರೆ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಗಂಜಿ. "ನೀರ ಕುಡದ್ರೂ ಇಳಿವಲ್ತರಿ" ಎನ್ನುವ ಹೊತ್ತಿಗೆ ಆಸ್ಪತ್ರೆಗೆ ಬರುತ್ತಾರೆ. ನಾಳ ಹಿಗ್ಗುವ ಗುಣದ್ದಾದ್ದರಿಂದ ಒಳದಾರಿ ಸುಮಾರು 13 ಮಿಲಿಮೀಟರ್‌ಗಿಂತ ಕಿರಿದಾಗುವವರೆಗೆ ಗಟ್ಟಿ ಆಹಾರ ಹೇಗೋ ಇಳಿಯುತ್ತಲೇ ಇರುತ್ತದೆ. ಅಂದರೆ ರೊಟ್ಟಿ ಸಿಕ್ಕಿಕೊಂಡ ಮೊದಲ ದಿನಕ್ಕೇ ರೋಗ ಹಳೆಯದಾಗಿರುತ್ತದೆ. ಅದರ ಮೇಲೆ ಗ್ಯಾಸಿನ ಗುಳಿಗೆ ತಿನ್ನುತ್ತ ಎರಡು ಮೂರು ತಿಂಗಳು ಕಳೆದಿರುತ್ತಾರೆ. ಐವತ್ತು ದಾಟಿದವರಿಗೆ ರೊಟ್ಟಿ ಸಿಕ್ಕಿಕೊಳ್ಳತೊಡಗಿದರೆ ಗುಳಿಗೆ ಬೇಡ, ಎಂಡೋಸ್ಕೋಪಿ ಮಾಡಿಸಿ. ಈ ಸಭೆಯಿಂದ ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ನಡೆದೀತು, ಇದೊಂದನ್ನು ಇಟ್ಟುಕೊಳ್ಳಿ.

ಕಾರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವೇಮಸ್ ಎಂಬ ಬಗೆ. ಅದಕ್ಕೆ ತಂಬಾಕು, ಸಾರಾಯಿ ಮುಖ್ಯ ಕಾರಣ. ಅಡಿಕೆಯ ಪಾಲೂ ಇದೆ. ನಿಪ್ಪಾಣಿಯ ಬೀಡಿ ತಂಬಾಕು ಬೆಳೆದು ಮಾರುವ ಸೀಮೆ ನಮ್ಮದು, ಅಂಗೈಯಲ್ಲಿ ಸುಣ್ಣದ ಜೊತೆ ತಿಕ್ಕಿ ದವಡೆಗೆ ಇಟ್ಟುಕೊಳ್ಳುವುದನ್ನು ಚಟ ಎಂದೂ ನಾವು ಕರೆಯುವುದಿಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಕುಡಿಯುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016 ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿತು. ಚಹಾ ಬಿಡಬೇಕಾಗಿಲ್ಲ, ಬಸ್ಸು ಹೊರಡುವ ಗಡಿಬಿಡಿಯಲ್ಲಿ ಕುದಿಯುವುದನ್ನೇ ಗಟಗಟ ಕುಡಿಯುವುದನ್ನು ಬಿಟ್ಟರೆ ಸಾಕು.

ಈಗ ಚಿತ್ರಗಳ ಮಾತು.

ಮೊದಲನೆಯದು ಎಂಡೋಸ್ಕೋಪಿ. ಒಳಗೆ ಇಳಿದ ಕ್ಯಾಮೆರಾ ಗೆಡ್ಡೆಯ ಮೈಯನ್ನು ನೇರವಾಗಿ ಕಾಣುತ್ತದೆ, ಅಲ್ಲಿಂದ ಚೂರು ಕಿತ್ತು ಪರೀಕ್ಷೆಗೆ ಕಳಿಸಬಹುದು. ಬಯಾಪ್ಸಿ ಇಲ್ಲದೆ ನಾವು ಕಿರಣದ ಗುಂಡಿ ಒತ್ತುವುದಿಲ್ಲ. ಕೊಳವೆಯ ಮೇಲೆ ಸೆಂಟಿಮೀಟರ್ ಗುರುತು ಇರುತ್ತದೆ. ಮುಂದಿನ ಹಲ್ಲಿನಿಂದ ಲೆಕ್ಕ ಹಾಕಿ ಗೆಡ್ಡೆ 28 ರಿಂದ 34 ಸೆಂಟಿಮೀಟರ್‌ವರೆಗೆ ಇದೆ ಎಂದು ಬರೆಯುತ್ತಾರೆ. ಅನ್ನನಾಳ ಶುರುವಾಗುವುದು ಹಲ್ಲಿನಿಂದ ಸುಮಾರು 15 ಸೆಂಟಿಮೀಟರ್ ಒಳಗೆ, ಹೊಟ್ಟೆ ಸೇರುವುದು ಸುಮಾರು 40 ರಲ್ಲಿ. ಆದರೆ ಎಂಡೋಸ್ಕೋಪಿ ಕಾಣುವುದು ಒಳಮೈಯನ್ನು ಮಾತ್ರ. ಗೋಡೆಯೊಳಗೆ ಎಷ್ಟು ಇಳಿದಿದೆ, ಹೊರಗಿನ ದುಗ್ಧರಸದ ಗಂಟುಗಳಿಗೆ (ಲಿಂಫ್ ನೋಡ್) ಹೋಗಿದೆಯೇ ಎಂಬುದು ಅದಕ್ಕೆ ಕಾಣದು. ಅದಕ್ಕೆ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪಿ ಇದೆ. ಗೋಡೆಯ ಪದರಗಳನ್ನು ಅದು ಒಂದೊಂದಾಗಿ ತೋರಿಸುತ್ತದೆ. ಆದರೆ ದಾರಿ ಮುಚ್ಚಿಹೋಗಿದ್ದರೆ ಅದು ಕೆಳಗಿಳಿಯುವುದೇ ಇಲ್ಲ, ನಮ್ಮ ರೋಗಿಗಳಲ್ಲಿ ಆಗುವುದು ಹೆಚ್ಚಾಗಿ ಹಾಗೆಯೇ.

ಗೆಡ್ಡೆ ಮೇಲಿನ ಅಥವಾ ನಡುವಿನ ಭಾಗದಲ್ಲಿದ್ದರೆ ಶ್ವಾಸನಾಳದೊಳಗೂ ಒಮ್ಮೆ ಕ್ಯಾಮೆರಾ ಇಳಿಸಿ ನೋಡಬೇಕು. ಗೆಡ್ಡೆ ಶ್ವಾಸನಾಳದ ಗೋಡೆ ತಿಂದಿದ್ದರೆ, ಕಿರಣದಿಂದ ಗೆಡ್ಡೆ ಕರಗಿದಾಗ ಅಲ್ಲಿ ತೂತು ಬೀಳಬಹುದು. ಕುಡಿದ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಕೆಮ್ಮುತ್ತ ನೀರು ಕುಡಿಯುವವರನ್ನು ಕಂಡರೆ ನಾವು ಗಾಬರಿಯಾಗುವುದು ಇದಕ್ಕೇ.

ಇನ್ನು ಸಿಟಿ. 1895 ರಲ್ಲಿ ರಾಂಟ್‌ಗೆನ್ ಎಕ್ಸ್-ರೇ ಕಂಡುಹಿಡಿದ. ಅಲ್ಲಿಂದ ಮುಂದಿನ ಮುಕ್ಕಾಲು ಶತಮಾನ ಅನ್ನನಾಳವನ್ನು ನೋಡಬೇಕಾದರೆ ಬೇರಿಯಂ ಕುಡಿಸಿ ಫೋಟೋ ತೆಗೆಯುವುದೇ ಮುಖ್ಯ ದಾರಿ. ಬಿಳಿ ಬೇರಿಯಂ ಇಳಿಯುವಾಗ ಎಲ್ಲಿ ದಾರಿ ಕಿರಿದಾಗಿದೆ ಎಂದು ಕಾಣುತ್ತಿತ್ತು. ಅದರ ಮೇಲೆ, ಬೆನ್ನುಮೂಳೆಯ ಗುರುತು ಹಿಡಿದು, ಆಯತಾಕಾರದ ಕಿಟಕಿ ಹಾಕಿ ಕಿರಣ ಬಿಡುತ್ತಿದ್ದರು. ನನಗಿಂತ ಹಿಂದಿನ ತಲೆಮಾರಿನ ವೈದ್ಯರು ಹೀಗೆಯೇ ಚಿಕಿತ್ಸೆ ಮಾಡಿದರು, ಅವರ ಕೈಯಲ್ಲೂ ಎಷ್ಟೋ ಜನ ಬದುಕಿದರು. ಆದರೆ ಗೆಡ್ಡೆ ಹೊರಮುಖವಾಗಿ ಎಷ್ಟು ದಪ್ಪ ಬೆಳೆದಿದೆ ಎಂಬುದು ಅವರಿಗೆ ಕಾಣುತ್ತಿರಲಿಲ್ಲ. 1971 ರಲ್ಲಿ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡ್ ತಯಾರಿಸಿದ ಸಿಟಿ ಯಂತ್ರ ಮೊದಲ ರೋಗಿಯ ತಲೆಯನ್ನು ಅಡ್ಡಡ್ಡ ಸೀಳಿ ತೋರಿಸಿದ ಮೇಲೆ ಈ ಕಥೆ ಬದಲಾಯಿತು. 1979 ರಲ್ಲಿ ಅವನಿಗೂ ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿಗೂ ನೊಬೆಲ್ ಬಂತು.

ರೋಗ ಪತ್ತೆ ಮಾಡುವ ರೇಡಿಯಾಲಜಿಸ್ಟ್‌ಗೆ ಸಿಟಿ ಒಂದು ಚಿತ್ರ. ನಮಗೆ ಅದು ಅಂಕಿಗಳ ಹೊಲ. ಚಿತ್ರದ ಒಂದೊಂದು ಚುಕ್ಕಿಗೂ ಒಂದು ಅಂಕಿ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಎಲುಬಿಗೆ ನೂರಾರು. ಆ ಅಂಕಿಯಿಂದ ಅಲ್ಲಿನ ಮಾಂಸ ಎಷ್ಟು ದಟ್ಟವಾಗಿದೆ, ಕಿರಣವನ್ನು ಎಷ್ಟು ಹೀರುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಶ್ವಾಸಕೋಶದಲ್ಲಿ ಬಹುಪಾಲು ಗಾಳಿ, ಕಿರಣ ಸರಾಗವಾಗಿ ದಾಟಿ ಹೋಗುತ್ತದೆ. ಬೆನ್ನುಮೂಳೆಯಲ್ಲಿ ತಡೆಯುತ್ತದೆ. ಎಲ್ಲ ಕಡೆ ನೀರೇ ಇದೆ ಎಂದುಕೊಂಡು ಲೆಕ್ಕ ಹಾಕಿದರೆ ಎದೆಯಲ್ಲಿ ಲೆಕ್ಕ ತಪ್ಪುತ್ತದೆ.

ಸರಿ, ಮೊದಲು ಮಾಡಿಸಿದ ಸಿಟಿಯಲ್ಲೂ ಈ ಅಂಕಿ ಇರುತ್ತದಲ್ಲ, ಅದನ್ನೇ ಬಳಸಬಾರದೇ? ಒಳ್ಳೆಯ ಪ್ರಶ್ನೆ, ಸಭೆಯಲ್ಲೂ ಒಬ್ಬ ಶಿಕ್ಷಕರು ಕೇಳಿದರು. ಆ ಸಿಟಿಯನ್ನು ಬಾಗಿದ ಮಂಚದ ಮೇಲೆ, ಆ ಹೊತ್ತಿಗೆ ಹೇಗೆ ಬಂತೋ ಹಾಗೆ ಮಲಗಿಸಿ, ಉಸಿರು ಬಿಗಿಹಿಡಿಸಿ ತೆಗೆದಿರುತ್ತಾರೆ. ಚಿಕಿತ್ಸೆಯ ಯಂತ್ರದ ಮಂಚ ಹಲಗೆಯಂತೆ ಸಪಾಟು. ಅಲ್ಲಿ ರೋಗಿ ಐದು ವಾರ, ವಾರಕ್ಕೆ ಐದು ದಿನ, ಒಂದೇ ಭಂಗಿಯಲ್ಲಿ, ಸಹಜವಾಗಿ ಉಸಿರಾಡುತ್ತ ಮಲಗಬೇಕು. ಯಾವ ಭಂಗಿಯಲ್ಲಿ ಕಿರಣ ಕೊಡುತ್ತೇವೋ ಅದೇ ಭಂಗಿಯಲ್ಲಿ ಚಿತ್ರ ಬೇಕು. ಅದಕ್ಕೆ ಸಿಮ್ಯುಲೇಶನ್ ಸಿಟಿ ಎನ್ನುತ್ತೇವೆ. ಎರಡೂ ತೋಳು ತಲೆಯ ಮೇಲೆ, ಎದೆಗೆ ಬಿಸಿನೀರಲ್ಲಿ ಮೆತ್ತಗಾಗಿಸಿದ ಜಾಳಿಗೆಯಂಥ ಪ್ಲಾಸ್ಟಿಕ್ ಅಚ್ಚು, ಅದು ಮೈಗೆ ಕೂತು ಗಟ್ಟಿಯಾಗುವವರೆಗೆ ಅಲ್ಲಾಡದೆ ಮಲಗುವುದು, ಆಮೇಲೆ ಚರ್ಮದ ಮೇಲೆ ಸಣ್ಣ ಚುಕ್ಕಿ ಗುರುತು. ಗೆಡ್ಡೆ ಕತ್ತಿನ ಹತ್ತಿರವಿದ್ದರೆ ತೋಳು ಕೆಳಗೆ, ತಲೆಗೂ ಅಚ್ಚು.

ನಾಳದ ಕೆಳತುದಿ ಉಸಿರಿನ ಜೊತೆ ಮೇಲೆ ಕೆಳಗೆ ಚಲಿಸುತ್ತದೆ. ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯಾದ ವಪೆಯ ಹತ್ತಿರ ಈ ಚಲನೆ ಒಂದು ಸೆಂಟಿಮೀಟರ್ ಮುಟ್ಟಬಹುದು, ಕೆಲವರಲ್ಲಿ ಅದಕ್ಕೂ ಹೆಚ್ಚು. ಒಂದೇ ಕ್ಷಣದ ಚಿತ್ರ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಆದ್ದರಿಂದ 4ಡಿ ಸಿಟಿ ಇರುವ ಕಡೆ ಉಸಿರಿನ ಒಂದು ಸುತ್ತನ್ನು ಸಾಮಾನ್ಯವಾಗಿ ಹತ್ತು ಹಂತಗಳಾಗಿ ಹಂಚಿ ಚಿತ್ರ ತೆಗೆಯುತ್ತಾರೆ. ಹತ್ತರಲ್ಲೂ ಗೆಡ್ಡೆ ಎಲ್ಲೆಲ್ಲಿ ಹೋಯಿತೋ ಅಷ್ಟೂ ಜಾಗ ಗುರಿಯೊಳಗೆ ಬರುತ್ತದೆ. ಹೊಟ್ಟೆಯೂ ಹಾಗೆಯೇ. ಹೊಟ್ಟೆ ತುಂಬ ಗಂಜಿ ಕುಡಿದು ಬಂದ ದಿನ ನಾಳದ ಕೆಳತುದಿ ಒಂದು ಕಡೆ, ಖಾಲಿ ಹೊಟ್ಟೆಯ ದಿನ ಇನ್ನೊಂದು ಕಡೆ. ಸಿಮ್ಯುಲೇಶನ್ ದಿನ ಎಷ್ಟು ತಾಸು ಉಪವಾಸ ಇರಲು ಹೇಳಿದೆವೋ ಪ್ರತಿ ದಿನವೂ ಅಷ್ಟೇ ಉಪವಾಸ ಎಂದು ಹೇಳುವುದಕ್ಕೆ ಕಾರಣ ಇದೇ, ಮಡಿ-ಮೈಲಿಗೆಯ ಲೆಕ್ಕವಲ್ಲ.

ಪೆಟ್ ಸ್ಕ್ಯಾನ್ ಬೇರೆಯೇ ಜಾತಿ. ಸಿಟಿ ತೋರಿಸುವುದು ಆಕಾರವನ್ನು, ಪೆಟ್ ತೋರಿಸುವುದು ಹಸಿವನ್ನು. ವಿಕಿರಣಶೀಲ ಫ್ಲೋರಿನ್ ಕಟ್ಟಿದ ಗ್ಲೂಕೋಸನ್ನು ರಕ್ತಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಗಬಗಬ ನುಂಗುವುದರಿಂದ ಚಿತ್ರದಲ್ಲಿ ಅಲ್ಲಿ ಹೊಳೆಯುತ್ತದೆ. ಆ ಫ್ಲೋರಿನ್-18 ರ ಅರ್ಧಾಯುಷ್ಯ 110 ನಿಮಿಷ. ಅಂದರೆ ಎರಡು ತಾಸಿನೊಳಗೆ ಅರ್ಧ ಮುಗಿಯುತ್ತದೆ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ದೊಡ್ಡ ಊರಲ್ಲಿರುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ, ವಿಮಾನ ತಡವಾದರೆ ಔಷಧವೇ ಕರಗಿಹೋಗುತ್ತದೆ. "ಇವತ್ತ ಪೆಟ್ ಆಗೂದಿಲ್ರಿ, ನಾಳೆ ಬರ್ರಿ" ಎಂದು ಹೇಳಿದಾಗ ಸಿಟ್ಟಾಗುವ ಮೊದಲು ಇದನ್ನು ನೆನೆಯಿರಿ.

ಪೆಟ್ ನಮಗೆ ಯಾಕೆ ಬೇಕು? ಸಿಟಿಯಲ್ಲಿ ಕಣ್ಣಿಗೆ ಬೀಳದ ದೂರದ ಗಂಟು, ಎಲುಬು, ಯಕೃತ್ತಿನ ಹರಡುವಿಕೆ ಇದರಲ್ಲಿ ಸಿಗುತ್ತದೆ. ಸಿಕ್ಕಿತೆಂದರೆ ಇಡೀ ದಾರಿಯೇ ಬದಲಾಗುತ್ತದೆ. ರೋಗ ಆಗಲೇ ದೂರ ಹೋಗಿದ್ದರೆ ಐದು ವಾರ ಕಿರಣ, ಮೇಲೆ ದೊಡ್ಡ ಶಸ್ತ್ರಚಿಕಿತ್ಸೆ ಎಂದು ರೋಗಿಯನ್ನು ದಣಿಸುವುದರಲ್ಲಿ ಅರ್ಥವಿಲ್ಲ. ನನ್ನ ಪ್ರಕಾರ ಈ ರೋಗದಲ್ಲಿ ಪೆಟ್‌ನ ದೊಡ್ಡ ಉಪಕಾರ ಇದು: ಬೇಡದ ಚಿಕಿತ್ಸೆಯನ್ನು ತಪ್ಪಿಸುವುದು.

ಆದರೆ ಬೆಳ್ಳಗಿದ್ದುದೆಲ್ಲ ಹಾಲಲ್ಲ. ಕ್ಷಯದ ಗಂಟೂ ಪೆಟ್‌ನಲ್ಲಿ ಅಷ್ಟೇ ಚೆನ್ನಾಗಿ ಹೊಳೆಯುತ್ತದೆ, ನಮ್ಮ ದೇಶದಲ್ಲಿ ಕ್ಷಯಕ್ಕೇನು ಬರ. ಎದೆಯ ನಡುವೆ ಹೊಳೆಯುವ ನಾಲ್ಕು ಗಂಟು ಕಂಡ ಕೂಡಲೇ "ಹರಡಿದೆ" ಎಂದು ಷರಾ ಬರೆದರೆ ಗುಣವಾಗುವ ರೋಗಿಯನ್ನು ಕೈಬಿಟ್ಟಂತೆ. ಅನುಮಾನ ಇದ್ದಲ್ಲಿ ಸೂಜಿ ಹಾಕಿ ನೋಡಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಚಿತ್ರ ಮಂಕಾಗುತ್ತದೆ. ಸ್ಕ್ಯಾನಿಗೆ ಬರುವ ಮುನ್ನ ಉಪವಾಸ ಇರಬೇಕಾದವರಿಗೆ ಮನೆಯವರು ಕನಿಕರದಿಂದ ಒಂದು ಲೋಟ ಸಕ್ಕರೆ ಚಹಾ ಕುಡಿಸಿ ಕರೆತಂದರೆ ಆ ದಿನದ ಖರ್ಚು ದಂಡ.

ಎಂಆರ್‌ಐ ಬಗ್ಗೆ ಒಂದೇ ಮಾತು. ಮೃದು ಮಾಂಸವನ್ನು ಸಿಟಿಗಿಂತ ಚೆನ್ನಾಗಿ ಬಿಡಿಸಿ ತೋರಿಸುತ್ತದೆ, ಆದರೆ ಬಡಿಯುವ ಹೃದಯ ಮತ್ತು ಆಡುವ ಉಸಿರು ಎರಡೂ ಪಕ್ಕದಲ್ಲೇ ಇರುವುದರಿಂದ ಇಲ್ಲಿ ಅದು ಇನ್ನೂ ದಿನಬಳಕೆಗೆ ಬಂದಿಲ್ಲ. ಎಂಆರ್‌ಐ ಯಂತ್ರವನ್ನೇ ಕಿರಣ ಯಂತ್ರಕ್ಕೆ ಜೋಡಿಸಿದ ಹೊಸ ಸಾಧನಗಳಿವೆ. ಬೆಲೆ ಕೇಳಿದರೆ ನಮ್ಮಂಥ ಜಿಲ್ಲೆಗಳಿಗೆ ಸದ್ಯ ಅದು ದೂರದ ಮಾತು.

ಈಗ ನನ್ನ ಮೇಜಿನ ಹತ್ತಿರ ಬನ್ನಿ. ಪರದೆಯ ಮೇಲೆ ಸಿಮ್ಯುಲೇಶನ್ ಸಿಟಿ. ಎದೆಯನ್ನು 3 ಮಿಲಿಮೀಟರ್‌ಗೆ ಒಂದರಂತೆ ಅಡ್ಡ ಸೀಳಿದ ಚಿತ್ರಗಳು, ಅನ್ನನಾಳದ ಉದ್ದಕ್ಕೇ ಎಂಬತ್ತಕ್ಕೂ ಹೆಚ್ಚು. ಅದರ ಮೇಲೆ ಪೆಟ್ ಚಿತ್ರವನ್ನು ಹೊಂದಿಸಿ ಕೂಡಿಸುತ್ತೇವೆ. ಇನ್ನೊಂದು ಬದಿಗೆ ಎಂಡೋಸ್ಕೋಪಿಯ ಚೀಟಿ. ಒಂದೊಂದೇ ಚಿತ್ರದಲ್ಲಿ ಮೌಸಿನಿಂದ ಗೆಡ್ಡೆಯ ಸುತ್ತ ಕೆಂಪು ಗೆರೆ ಎಳೆಯುತ್ತ ಹೋಗಬೇಕು. ಸಿಟಿಯಲ್ಲಿ ಗೆಡ್ಡೆ ಎಲ್ಲಿ ಮುಗಿದು ಬರೀ ದಪ್ಪಗಾದ ಗೋಡೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಪೆಟ್ ಹೊಳಪು 30 ಸೆಂಟಿಮೀಟರ್‌ಗೆ ಶುರು ಎನ್ನುತ್ತದೆ, ಎಂಡೋಸ್ಕೋಪಿ 28 ಎನ್ನುತ್ತದೆ. ಯಾರ ಮಾತು ಕೇಳುವುದು? ಒಳಮೈಯಲ್ಲಿ ತೆಳುವಾಗಿ ಹಬ್ಬಿದ ರೋಗ ಪೆಟ್‌ನಲ್ಲಿ ಹೊಳೆಯದೆ ಹೋಗಬಹುದು, ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಹೊರಗಿನ ಗಂಟು ಕ್ಯಾಮೆರಾಕ್ಕೆ ಕಾಣದು, ಪೆಟ್‌ನಲ್ಲಿ ಕಾಣುತ್ತದೆ. ಹಾಗಾಗಿ ಮೂರರಲ್ಲಿ ಯಾವುದು ಹೆಚ್ಚು ಹೇಳುತ್ತದೋ ಅದನ್ನು ಸೇರಿಸಿಕೊಳ್ಳುತ್ತೇವೆ. ಕೆಲವು ಕಡೆ ಎಂಡೋಸ್ಕೋಪಿ ಮಾಡುವಾಗಲೇ ಗೆಡ್ಡೆಯ ಮೇಲ್ತುದಿ, ಕೆಳತುದಿಗೆ ಸಣ್ಣ ಲೋಹದ ಕ್ಲಿಪ್ ಹಾಕಿ ಕಳಿಸುತ್ತಾರೆ. ಸಿಟಿಯಲ್ಲಿ ಅದು ಚುಕ್ಕಿಯಂತೆ ಹೊಳೆದು ಜಗಳ ಬಗೆಹರಿಸುತ್ತದೆ.

ಕೆಂಪು ಗೆರೆ ಮುಗಿಯಿತು ಎಂದರೆ ಕೆಲಸದ ಕಾಲು ಭಾಗ ಮುಗಿಯಿತು. ಎರಿ ಹೊಲದಲ್ಲಿ ಕರಕಿ ಕಿತ್ತವರಿಗೆ ಗೊತ್ತು, ಮೇಲೆ ಹಸಿರು ಕಂಡಷ್ಟೇ ಅಗೆದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಬೇರು ಮಣ್ಣೊಳಗೆ ಅತ್ತಿತ್ತ ಹರಿದಿರುತ್ತದೆ. ಅನ್ನನಾಳದ ಗೋಡೆಯಲ್ಲಿ ದುಗ್ಧರಸದ ಸಣ್ಣ ನಾಳಗಳು ಉದ್ದುದ್ದ ಹರಿಯುತ್ತವೆ, ಕಣ್ಣಿಗೆ ಕಾಣದ ಕೋಶಗಳು ಅದರೊಳಗೆ ಮೇಲೆ ಕೆಳಗೆ ಜಾರುತ್ತವೆ. ಯಾವ ಸ್ಕ್ಯಾನಿನಲ್ಲೂ ಇದು ಕಾಣುವುದಿಲ್ಲ. ಆದ್ದರಿಂದ ನಾಳದ ಉದ್ದಕ್ಕೆ ಮೇಲೆ 3 ರಿಂದ 4 ಸೆಂಟಿಮೀಟರ್, ಕೆಳಗೂ ಅಷ್ಟೇ, ಪಕ್ಕಕ್ಕೆ ಸುಮಾರು 1 ಸೆಂಟಿಮೀಟರ್ ಹೆಚ್ಚುವರಿ ಜಾಗ ಬಿಡುತ್ತೇವೆ. ಹೃದಯ, ಬೆನ್ನುಮೂಳೆ ಅಡ್ಡ ಬಂದಲ್ಲಿ ಗೆರೆಯನ್ನು ಒಳಗೆ ತಿದ್ದುತ್ತೇವೆ. ಅದರ ಹೊರಗೆ ಇನ್ನೊಂದು ಗೆರೆ, ಅರ್ಧದಿಂದ ಒಂದು ಸೆಂಟಿಮೀಟರ್. ದಿನದಿಂದ ದಿನಕ್ಕೆ ಮಲಗಿಸುವುದರಲ್ಲಿ ಆಗುವ ವ್ಯತ್ಯಾಸಕ್ಕೆ ಅದು. ದಿನಾ ಚಿತ್ರ ತೆಗೆದು ಸರಿಪಡಿಸಿಕೊಂಡರೆ ಈ ಹೊರಗಿನ ಗೆರೆಯನ್ನು ಕಿರಿದು ಮಾಡಬಹುದು, ಅಷ್ಟು ಶ್ವಾಸಕೋಶ, ಅಷ್ಟು ಹೃದಯ ಉಳಿಯುತ್ತದೆ. ದಿನಾ ಚಿತ್ರ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಆಮೇಲೆ ಕಾಪಾಡಬೇಕಾದ ಅಂಗಗಳಿಗೆಲ್ಲ ಬೇರೆ ಬೇರೆ ಬಣ್ಣದ ಗೆರೆ. ಬೆನ್ನುಹುರಿಗೆ 45 ಗ್ರೇ (ಗ್ರೇ ಎಂದರೆ ಮೈ ಹೀರಿದ ಕಿರಣದ ಅಳತೆ) ದಾಟಬಾರದು ಎಂಬುದು ನಾವು ಹಿಡಿದುಕೊಂಡಿರುವ ಗೆರೆ. ದಾಟಿದರೆ ತಿಂಗಳುಗಳ ನಂತರ ಕಾಲಿನ ಶಕ್ತಿ ಹೋಗುವ ಅಪಾಯವಿದೆ. ಇಲ್ಲಿಂದ ಮುಂದೆ ಮೆಡಿಕಲ್ ಫಿಸಿಸಿಸ್ಟ್ ಕೂರುತ್ತಾರೆ. ಯಾವ ದಿಕ್ಕಿನಿಂದ ಎಷ್ಟು ಕಿರಣ, ಯಂತ್ರ ಸುತ್ತುವಾಗ ಕಿಟಕಿಯ ಆಕಾರ ಹೇಗೆ ಬದಲಾಗಬೇಕು ಎಂಬುದೆಲ್ಲ ಅವರ ಕೈಚಳಕ. ರೋಗಿಗಳು ಅವರ ಮುಖ ನೋಡುವುದೂ ಅಪರೂಪ.

ಎಷ್ಟು ಕಿರಣ ಕೊಡುತ್ತೇವೆ? ಶಸ್ತ್ರಚಿಕಿತ್ಸೆಗೆ ಮುಂಚೆ ಆದರೆ 23 ದಿನಗಳಲ್ಲಿ 41.4 ಗ್ರೇ, ವಾರಕ್ಕೊಮ್ಮೆ ಕಿಮೊ, ಅಂದರೆ ಕ್ಯಾನ್ಸರ್ ಔಷಧದ ಜೊತೆಗೆ. ಇದು ನೆದರ್ಲೆಂಡ್ಸ್‌ನ ಕ್ರಾಸ್ ಎಂಬ ಅಧ್ಯಯನದ ಅಳತೆ, 2012 ರಲ್ಲಿ ಪ್ರಕಟವಾಯಿತು. ಬರೀ ಶಸ್ತ್ರಚಿಕಿತ್ಸೆ ಆದವರು ಸರಾಸರಿ ಎರಡು ವರ್ಷದ ಆಸುಪಾಸು ಬದುಕಿದರೆ, ಮೊದಲು ಕಿಮೊ ಮತ್ತು ಕಿರಣ ಪಡೆದವರು ನಾಲ್ಕು ವರ್ಷದ ಆಸುಪಾಸು ಬದುಕಿದರು. ಅದರಲ್ಲೂ ಸ್ಕ್ವೇಮಸ್ ಬಗೆಯವರಲ್ಲಿ 49 ಪ್ರತಿಶತ ಜನರಿಗೆ ಕತ್ತರಿಸಿ ತೆಗೆದ ನಾಳದಲ್ಲಿ ಕ್ಯಾನ್ಸರ್ ಕೋಶವೇ ಸಿಗಲಿಲ್ಲ. ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಇರುವುದು ಇದೇ ಬಗೆ ಎಂಬುದನ್ನು ಮರೆಯಬೇಡಿ. ನಾಳದ ಕೆಳತುದಿಯಲ್ಲಿ ಗ್ರಂಥಿಯ ಕೋಶಗಳಿಂದ ಬರುವ ಅಡೆನೊ ಎಂಬ ಇನ್ನೊಂದು ಬಗೆಗೆ ಈಚೆಗೆ ಕಿಮೊ ಮಾತ್ರದ ದಾರಿಯೇ ಮೇಲು ಎಂದು ಜರ್ಮನಿಯ ಅಧ್ಯಯನ ತೋರಿಸಿದೆ. ಶಸ್ತ್ರಚಿಕಿತ್ಸೆ ತಾಳಲಾರದವರಿಗೆ 28 ದಿನಗಳಲ್ಲಿ 50.4 ಗ್ರೇ, ಕಿಮೊ ಜೊತೆಗೆ.

ಸಭೆಯಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇಲ್ಲಿಗೆ ಸೇರಬೇಕು: ಇಷ್ಟು ನಿಖರವಾಗಿ ಗುರಿ ಇಡಲು ಬರುತ್ತದೆ ಎಂದಮೇಲೆ ಇನ್ನೂ ಹೆಚ್ಚು ಕಿರಣ ಕೊಟ್ಟು ರೋಗವನ್ನು ಸುಟ್ಟೇಬಿಡಬಾರದೇ? ನಮಗೂ ಹಾಗೇ ಅನ್ನಿಸಿತ್ತು. ಅಮೆರಿಕದಲ್ಲಿ 64.8 ಗ್ರೇ ಕೊಟ್ಟು ನೋಡಿದರು, 2002 ರಲ್ಲಿ ಫಲಿತಾಂಶ ಬಂತು, 50.4 ಕ್ಕಿಂತ ಮೇಲಾಗಲಿಲ್ಲ. ಅವು ಹಳೆಯ ಯಂತ್ರಗಳು ಎಂದು ನಾವು ಸಮಾಧಾನ ಹೇಳಿಕೊಂಡೆವು. ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಆಧುನಿಕ ಯಂತ್ರಗಳಲ್ಲಿ, ಗೆಡ್ಡೆಗೆ ಮಾತ್ರ 61.6 ಗ್ರೇವರೆಗೆ ಏರಿಸಿ ನೋಡಿದರು. 2021 ರಲ್ಲಿ ಬಂದ ಫಲಿತಾಂಶವೂ ಅದೇ, ಲಾಭವಿಲ್ಲ. ಚಿತ್ರದ ನೆರವಿನಿಂದ ಈ ರೋಗದಲ್ಲಿ ಸಿಗುವ ಲಾಭ ಹೆಚ್ಚು ಸುಡುವುದರಲ್ಲಿ ಇಲ್ಲ, ಬೇಡದ್ದನ್ನು ಸುಡದೆ ಬಿಡುವುದರಲ್ಲಿ ಇದೆ. ದುಬಾರಿ ಯಂತ್ರದ ಜಾಹೀರಾತು ನೋಡಿ ಊರು ಬಿಡುವವರಿಗೆ ನಾನು ಇದನ್ನೇ ಹೇಳುವುದು. ಸಾಧಾರಣ ಯಂತ್ರವಿರಲಿ, ಗೆರೆ ಎಳೆದವರ ಕಣ್ಣು ಚುರುಕಾಗಿದ್ದು ದಿನದ ಚಿತ್ರವನ್ನು ಯಾರಾದರೂ ನಿಜವಾಗಿ ನೋಡುತ್ತಿದ್ದರೆ ಅದು ಒಳ್ಳೆಯ ಆಸ್ಪತ್ರೆ.

ದಿನದ ಚಿತ್ರ ಹೇಗಿರುತ್ತದೆ? ರೋಗಿ ಮಂಚದ ಮೇಲೆ ಮಲಗಿದ ಮೇಲೆ, ಚುಕ್ಕಿ ಗುರುತಿಗೆ ಲೇಸರ್ ಹೊಂದಿಸಿ, ತಂತ್ರಜ್ಞರು ಹೊರಗೆ ಬರುತ್ತಾರೆ. ಯಂತ್ರದ ತೋಳು ಒಂದು ಸುತ್ತು ತಿರುಗುತ್ತದೆ. ಒಂದು ನಿಮಿಷದ ಆಸುಪಾಸಿನಲ್ಲಿ ಕೋನ್ ಬೀಮ್ ಸಿಟಿ ಎಂಬ ಚಿತ್ರ ಸಿದ್ಧ. ಅದನ್ನು ಸಿಮ್ಯುಲೇಶನ್ ಚಿತ್ರದ ಮೇಲೆ ಇಟ್ಟು ನೋಡುತ್ತಾರೆ. ಮೊದಲು ಬೆನ್ನುಮೂಳೆ ಕೂತಿತೇ? ಆಮೇಲೆ ಶ್ವಾಸನಾಳ ಕವಲೊಡೆಯುವ ಜಾಗ, ಆಮೇಲೆ ನಾಳವೇ. ಎಲುಬು ಸರಿಯಾಗಿ ಕೂತು ಗೆಡ್ಡೆ ಮಾತ್ರ ಸರಿದಿರುವ ದಿನಗಳೂ ಉಂಟು. ಎಡಕ್ಕೆ 3 ಮಿಲಿಮೀಟರ್, ಮೇಲಕ್ಕೆ 5 ಎಂದು ಲೆಕ್ಕ ಬರುತ್ತದೆ, ಮಂಚ ತಾನೇ ಅಷ್ಟು ಸರಿಯುತ್ತದೆ, ಆಮೇಲೆ ಕಿರಣ. ರೋಗಿಗೆ ಮಂಚ ಅಲ್ಲಾಡಿದ್ದು ಗೊತ್ತಾಗುವುದೂ ಕಷ್ಟ.

"ದಿನಾ ಸ್ಕ್ಯಾನ್ ಮಾಡಿದ್ರ ಅದರಿಂದನ ಮತ್ತೊಂದ ರೋಗ ಬರೂದಿಲ್ಲೇನ್ರಿ?" ಎಂದು ಮುಂದಿನ ಸಾಲಿನ ಅಕ್ಕಾವರು ಕೇಳಿದರು. ಒಂದು ದಿನದ ಚಿತ್ರಕ್ಕೆ ತಗಲುವ ಕಿರಣ ಕೆಲವು ಮಿಲಿಗ್ರೇ. ಚಿಕಿತ್ಸೆಗೆ ಕೊಡುವುದು 50 ಗ್ರೇ, ಅಂದರೆ 50,000 ಮಿಲಿಗ್ರೇ. ಐದು ವಾರದ ಚಿತ್ರಗಳೆಲ್ಲ ಸೇರಿದರೂ ಒಂದು ದಿನದ ಚಿಕಿತ್ಸೆಯಷ್ಟು ಆಗುವುದಿಲ್ಲ. ಹಾಗೆಂದು ಸುಮ್ಮಸುಮ್ಮನೆ ತೆಗೆಯಬೇಕಿಲ್ಲ ಎನ್ನುವುದೂ ಸರಿ.

ಈ ದಿನದ ಚಿತ್ರದಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ, ಅದು ರೋಗಿ ಇಳಿದುಹೋಗುತ್ತಿರುವುದು. ಮೂರನೆಯ ವಾರಕ್ಕೆ ಮೈಯ ಹೊರಗೆರೆಗೂ ಎದೆಯ ಅಚ್ಚಿಗೂ ನಡುವೆ ಕಪ್ಪು ಗಾಳಿ ಕಾಣತೊಡಗುತ್ತದೆ. ಅಷ್ಟು ತೂಕ ಇಳಿದರೆ ಮೊದಲ ದಿನ ಹಾಕಿದ ಲೆಕ್ಕ ಆ ಮೈಗೆ ಹೊಂದುವುದಿಲ್ಲ, ಹೊಸ ಸಿಟಿ ತೆಗೆದು ಹೊಸ ಪ್ಲಾನ್ ಮಾಡಬೇಕಾಗುತ್ತದೆ. ಕಿರಣದಿಂದ ನಾಳ ಹುಣ್ಣಾಗಿ ನುಂಗುವುದು ಮತ್ತಷ್ಟು ಕಷ್ಟವಾಗುವ ಕಾಲವೂ ಅದೇ. ಅದಕ್ಕೇ ಶುರುವಿಗೇ ಮೂಗಿನ ನಳಿಗೆ ಹಾಕೋಣ ಅಥವಾ ಕರುಳಿಗೆ ಸಣ್ಣ ನಳಿಗೆ ಕೂಡಿಸೋಣ ಎನ್ನುತ್ತೇವೆ. ಮನೆಯವರು ಒಪ್ಪುವುದಿಲ್ಲ. "ಅಪ್ಪಗ ನಳಗಿ ಹಾಕಿದ್ರ ಮಂದಿ ಏನಂತಾರ್ರಿ, ಕಡೀಗಾಲ ಬಂತ ಅಂತಾರ." ಮಂದಿ ಅನ್ನಲಿ. ನಳಿಗೆಯಲ್ಲಿ ಇಳಿಯುವ ಜೋಳದ ಅಂಬಲಿ, ಹಾಲು, ತತ್ತಿ, ಸೋಸಿದ ಬ್ಯಾಳಿ ಕಟ್ಟು ನಮ್ಮ ಗುರಿ ತಪ್ಪದಂತೆ ಕಾಯುತ್ತವೆ. ತೂಕ ಉಳಿದ ರೋಗಿಗೆ ಚಿಕಿತ್ಸೆ ನಡುವೆ ನಿಲ್ಲುವುದಿಲ್ಲ, ನಡುವೆ ನಿಂತ ಕಿರಣ ಚಿಕಿತ್ಸೆ ಕೊಟ್ಟೂ ಕೊಡದಂತೆ.

ಚಿಕಿತ್ಸೆ ಮುಗಿದ ಮೇಲೂ ಚಿತ್ರ ಬೇಕು, ಆದರೆ ಅವಸರ ಬೇಡ. ಮುಗಿದ ವಾರವೇ ಪೆಟ್ ಮಾಡಿಸಿದರೆ ಕಿರಣದಿಂದಾದ ಉರಿಯೂತವೇ ಹೊಳೆದು ಎಲ್ಲರನ್ನೂ ಹೆದರಿಸುತ್ತದೆ. ಕನಿಷ್ಠ ಎರಡು ಮೂರು ತಿಂಗಳು ಬಿಡಬೇಕು. ರೋಗ ಪೂರ್ತಿ ಹೋದಂತೆ ಕಂಡವರಿಗೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಿ, ಮತ್ತೆ ಮತ್ತೆ ಪೆಟ್, ಎಂಡೋಸ್ಕೋಪಿ, ಬಯಾಪ್ಸಿ ಮಾಡುತ್ತ ಕಾಯಬಹುದೇ ಎಂದು ನೆದರ್ಲೆಂಡ್ಸ್‌ನವರು ಸಾನೊ ಎಂಬ ಅಧ್ಯಯನದಲ್ಲಿ ನೋಡಿದರು. 2025 ರಲ್ಲಿ ಫಲಿತಾಂಶ ಬಂತು, ಎರಡು ವರ್ಷದ ಲೆಕ್ಕದಲ್ಲಿ ಕಾದವರು ಹಿಂದೆ ಬೀಳಲಿಲ್ಲ. ಅನ್ನನಾಳ ಉಳಿಯುವುದೆಂದರೆ ಸಣ್ಣ ಮಾತಲ್ಲ, ಕೇಳಿದ ಕೂಡಲೇ ನಮಗೂ ಬೇಕು ಅನ್ನಿಸುತ್ತದೆ. ಆದರೆ ಅವರು ಕಾದದ್ದು ಗಡಿಯಾರ ಹಿಡಿದು. ಕೆಲವು ತಿಂಗಳಿಗೊಮ್ಮೆ ಕರೆದ ದಿನಕ್ಕೆ ಬಂದರು, ಪ್ರತಿ ಸಲ ಇಡೀ ಪರೀಕ್ಷೆ ಮಾಡಿಸಿಕೊಂಡರು. ನಮ್ಮಲ್ಲಿ ರಾಶಿ ಬಂತು, ಜಾತ್ರೆ ಬಂತು, ಈಗ ಚಲೋ ಉಣ್ಣಾಕ್ಹತ್ಯಾರ, ಮುಂದಿನ ತಿಂಗಳ ಹೋದ್ರಾತು ಎನ್ನುತ್ತ ಹೋದವರು ಮತ್ತೆ ರೊಟ್ಟಿ ಸಿಕ್ಕಾಗಲೇ ಬರುವುದು. ಬರುವ ಖಾತ್ರಿ ಇಲ್ಲದವರಿಗೆ, ಮೈ ತಾಳುವಂತಿದ್ದರೆ, ನಾನು ಶಸ್ತ್ರಚಿಕಿತ್ಸೆಯನ್ನೇ ಹೇಳುತ್ತೇನೆ.

ಗುಣವಾಗುವ ಹಂತ ದಾಟಿದವರಿಗೆ ನುಂಗುವ ಸುಖವನ್ನಾದರೂ ಮರಳಿ ಕೊಡಬಹುದು. ಎರಡು ವಾರದ ಹೊರಗಿನ ಕಿರಣ ಅಥವಾ ಸ್ಟೆಂಟ್ ಎಂಬ ಲೋಹದ ಬಲೆ, ಇಲ್ಲವೇ ಗೆಡ್ಡೆಯ ನಡುವೆ ನಳಿಗೆ ಇಳಿಸಿ ಕಿರಣ ಸೂಸುವ ಇರಿಡಿಯಂ ಮೂಲವನ್ನು ಕೆಲವು ನಿಮಿಷ ಅಲ್ಲಿ ನಿಲ್ಲಿಸುವ ಬ್ರ್ಯಾಕಿಥೆರಪಿ. ಒಮ್ಮೆ 12 ಗ್ರೇ ಕೊಟ್ಟು ಸ್ಟೆಂಟಿನ ಜೊತೆ ಹೋಲಿಸಿದ ಅಧ್ಯಯನದಲ್ಲಿ ಸ್ಟೆಂಟ್ ಬೇಗ ಕೆಲಸ ಮಾಡಿತು, ಆದರೆ ಹೆಚ್ಚು ದಿನ ನುಂಗಲು ಬಂದದ್ದು ಕಿರಣ ಪಡೆದವರಿಗೆ. ಕೆಲವೇ ವಾರದ ಆಯುಷ್ಯ ಕಾಣುತ್ತಿದ್ದರೆ ಸ್ಟೆಂಟ್, ಕೆಲವು ತಿಂಗಳು ಇದೆ ಅನ್ನಿಸಿದರೆ ಕಿರಣ ಎಂದು ನಾನು ಲೆಕ್ಕ ಹಾಕುತ್ತೇನೆ.

ಖರ್ಚಿನ ಬಗ್ಗೆ ಹಲವರು ಕೇಳಿದರು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಆದರೆ ಯಾವ ಸ್ಕ್ಯಾನ್ ಅದರೊಳಗೆ ಬರುತ್ತದೆ, ಯಾವುದಕ್ಕೆ ಕೈಯಿಂದ ಕಟ್ಟಬೇಕು ಎಂಬುದನ್ನು ಮಾಡಿಸುವ ಮೊದಲೇ ಆಸ್ಪತ್ರೆಯ ಯೋಜನೆಯ ಕೌಂಟರ್‌ನಲ್ಲಿ ಕೇಳಿಕೊಳ್ಳಿ.

ಕೊನೆಯದಾಗಿ, ನಮ್ಮ ಹತ್ತಿರ ಬರುವಾಗ ಏನೇನು ತರಬೇಕು ಎಂದು ಕೇಳಿದವರಿಗೆ. ದೊಡ್ಡ ಕಪ್ಪು ಫಿಲ್ಮುಗಳನ್ನು ತಂದರೆ ಬೇಡ ಅನ್ನುವುದಿಲ್ಲ, ಆದರೆ ಅದನ್ನು ಕಂಪ್ಯೂಟರಿಗೆ ಹೊಂದಿಸಲು ಬರುವುದಿಲ್ಲ. ಸಿಟಿ, ಪೆಟ್ ಮಾಡಿಸಿದ ಕಡೆ ಸಿಡಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೋ ವಾಟ್ಸ್ಆಪ್ ಮಾಡಿದರೆ ಅದರಿಂದ ಏನೂ ಆಗದು. ಎಂಡೋಸ್ಕೋಪಿ ಚೀಟಿಯಲ್ಲಿ ಗೆಡ್ಡೆ ಎಷ್ಟರಿಂದ ಎಷ್ಟು ಸೆಂಟಿಮೀಟರ್‌ವರೆಗೆ ಇದೆ ಎಂದು ಬರೆದಿದೆಯೇ ನೋಡಿ, ಬರೆದಿಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ. ಕೊಳವೆ ಗೆಡ್ಡೆ ದಾಟಿ ಕೆಳಗೆ ಹೋಗಿತ್ತೋ ಇಲ್ಲವೋ, ಅದನ್ನೂ ಬರೆಸಿ. ಸ್ಟೆಂಟ್ ಹಾಕಿಸುವ ಮಾತು ಬಂದರೆ, ಗುಣವಾಗುವ ಹಂತದ ರೋಗಿಯಾಗಿದ್ದಲ್ಲಿ, ಹಾಕಿಸುವ ಮೊದಲು ಒಮ್ಮೆ ಕಿರಣ ಚಿಕಿತ್ಸೆಯ ವೈದ್ಯರನ್ನು ಕೇಳಿ ಎಂದು ಹೇಳಿ. ಆಮೇಲೆ ಬಯಾಪ್ಸಿ ರಿಪೋರ್ಟು, ಸಕ್ಕರೆ ಕಾಯಿಲೆಯ ಗುಳಿಗೆ ಚೀಟಿ, ಆಧಾರ್, ರೇಷನ್ ಕಾರ್ಡ್. ಜೊತೆಗೆ ರೋಗಿಯ ಊಟ ನೋಡಿಕೊಳ್ಳುವವರು ಯಾರೋ ಅವರನ್ನೂ ಕರೆತನ್ನಿ. ನಾನು ಹೆಚ್ಚು ಹೊತ್ತು ಮಾತನಾಡಬೇಕಾಗಿರುವುದು ಅವರ ಜೊತೆ.